ಗುಡ್ಡದ ಹಳದಿ ಹೂವಿನ ಹೆಸರು ಹುಡುಕುತ್ತಾ

2022ರ ಸೆಪ್ಟೆಂಬರ್. ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದೆ ಅಂತ ಪೇಪರಿನಲ್ಲಿ ಫೋಟೊ ಬಂದಿದ್ದೇ ತಡ, ಭಾನುವಾರ ಬಂತೆಂದರೆ ಗಿರಿಯ ದಾರಿಯಲ್ಲಿ ಗಾಡಿಗಳ ಸಾಲೇ ಸಾಲು. ಅಂಥದ್ದೇ ಒಂದು ಭಾನುವಾರ ನಾವೂ ಹೋದೆವು. ನಾನು, ಅಕ್ಕ, ಅಕ್ಕನ ಮಗಳು. ಸೀತಾಳಯ್ಯನಗಿರಿ ದಾಟಿ ಮುಳ್ಳಯ್ಯನಗಿರಿ ಕಡೆಗೆ ತಿರುಗುವ ಹೊತ್ತಿಗೆ ಮಂಜು ಒಮ್ಮೆ ಮುಚ್ಚುತ್ತಿತ್ತು, ಒಮ್ಮೆ ತೆರೆಯುತ್ತಿತ್ತು. ತೆರೆದಾಗಲೆಲ್ಲ ಗುಡ್ಡದ ಮೈಗೆ ನೀಲಿ ಬಳಿದ ಹಾಗೆ ಕುರಿಂಜಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು, ಜನ ಮುಗಿಬೀಳುವುದು ಸಹಜವೇ.

ಗಾಳಿಗೆ ನಿಲ್ಲಲಾಗದೆ ನಾನೂ ಮಗುವೂ ಇಳಿಜಾರಿನ ಒಂದು ಬಂಡೆಯ ಮರೆಗೆ ಸರಿದೆವು. ಅಲ್ಲಿ, ಹುಲ್ಲಿನ ನಡುವೆ, ನನ್ನ ಸೊಂಟದೆತ್ತರದ ಒಂದು ಪೊದೆ. ತುದಿತುದಿಗೆ ಹಳದಿ ಹೂವು. ಹಳದಿ ಅಂದರೆ ಬೇಲಿಬದಿಯ ತಂಗಡಿ ಹೂವಿನ ಹಳದಿಯಲ್ಲ, ಈಗಷ್ಟೇ ಒಡೆದ ಮೊಟ್ಟೆಯೊಳಗಿನ ಹಳದಿ. ಐದು ಅಗಲ ಎಸಳು, ನಡುವೆ ಕೂದಲಿನಂಥ ಕೇಸರಗಳು, ಎಣಿಸಲಾಗದಷ್ಟು. ಮಂಜಿನ ಹನಿ ಒಂದೊಂದು ಕೇಸರದ ತುದಿಯಲ್ಲೂ ಕೂತಿತ್ತು.

ನನಗೆ ತಟ್ಟನೆ ನೆನಪಾದದ್ದು ಸುರಗಿ. ನಮ್ಮ ಅಮ್ಮನ ಮನೆ ಸಾಗರದ ಕಡೆ. ಮಾರ್ಚ್ ತಿಂಗಳಲ್ಲಿ ಅಮ್ಮ ಸುರಗಿ ದಂಡೆ ಕಟ್ಟುವಾಗ ಬೆರಳ ಸಂದಿಯಲ್ಲೆಲ್ಲ ಹಳದಿ ಕೇಸರ ಅಂಟಿಕೊಂಡಿರುತ್ತಿತ್ತು. ಸುರಗಿಯ ಎಸಳು ಬಿಳಿ, ಅದು ದೊಡ್ಡ ಮರ, ವಾಸನೆಯೇ ಅದರ ಜೀವ. ಇದು ನೋಡಿದರೆ ಗಾಳಿಗೆ ಬಾಗಿದ ಪೊದೆ. ಹೋಲಿಕೆ ಸಲ್ಲದು ಎಂದು ಆಗಲೇ ತಳ್ಳಿಹಾಕಿದೆ.

"ಚಿಕ್ಕಿ, ಇದರ ಹೆಸರೇನು?" ಮಗು ಕೇಳಿತು.

ಜೀಪಿನ ಅಣ್ಣ ಹತ್ತಿರದಲ್ಲೇ ನಿಂತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಗಿರಿಯ ತಪ್ಪಲಿನಲ್ಲೇ. ಅವರನ್ನು ಕೇಳಿದೆ. "ಅದಕ್ಕೆಂಥ ಹೆಸರು ಮೇಡಂ, ಗುಡ್ಡದ ಹೂ ಅಂತೀವಿ ಅಷ್ಟೆ. ಕೆಳಗೆ ಎಸ್ಟೇಟ್ ಕಡೆ ಎಲ್ಲೂ ಸಿಗಲ್ಲ. ಮೇಲೇ ಇರೋದು" ಅಂದರು. ಆ ಕೊನೆಯ ಮಾತಿನ ಬೆಲೆ ಆಗ ನನಗೆ ತಿಳಿಯಲಿಲ್ಲ.

ಫೋನಿನಲ್ಲಿ ಹದಿನಾಲ್ಕು ಫೋಟೊ ತೆಗೆದುಕೊಂಡೆ.

ರಾತ್ರಿ ಮನೆಗೆ ಬಂದವಳೇ ಗಿಡ ಗುರುತಿಸುವ ಒಂದು ಆ್ಯಪ್‌ಗೆ ಅದರಲ್ಲಿ ಚೆಂದದ್ದೊಂದು ಫೋಟೊ ಹಾಕಿದೆ. ಕ್ಷಣದಲ್ಲಿ ಉತ್ತರ ಬಂತು: ಹೈಪರಿಕಂ ಪರ್ಫೊರೇಟಂ. ಯುರೋಪಿನಲ್ಲಿ ಔಷಧಿಗೆ ಹೆಸರಾದ ಗಿಡ, ಮನಸ್ಸಿನ ಬೇಸರಕ್ಕೆ ಕೊಡುತ್ತಾರೆ ಎಂದೆಲ್ಲ ವಿವರವಿತ್ತು. ನಾನು ನಂಬಿದೆ. ಮರುದಿನ ಬೆಳಿಗ್ಗೆಯೇ ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ಹೂವಿನ ಚಿತ್ರ ಬಿಡಿಸಿ, ಬಣ್ಣ ಹಾಕಿ, ಕೆಳಗೆ ದುಂಡಗೆ ಆ ಹೆಸರು ಬರೆದು ನನಗೆ ಫೋಟೊ ಕಳಿಸಿದಳು.

ಮೂರನೆಯ ದಿನ ಏಕೋ ಸಮಾಧಾನವಾಗದೆ ಆ ಯುರೋಪಿನ ಗಿಡದ ಬಗ್ಗೆ ಇನ್ನಷ್ಟು ಓದಲು ಕೂತೆ. ನಮ್ಮ ದೇಶದಲ್ಲಿ ಅದು ಹಿಮಾಲಯದ ಕಡೆ ಬೆಳೆಯುತ್ತದೆ. ಹೂವು ಸುಮಾರು ಎರಡು ಸೆಂಟಿಮೀಟರ್ ಅಗಲ. ಕಾಂಡದ ಮೇಲೆ ಎರಡು ಉಬ್ಬುಗೆರೆ. ಎಸಳಿನ ಅಂಚಿನಲ್ಲಿ ಕಪ್ಪು ಚುಕ್ಕೆ. ಹೂವಿನ ನಡುವಿನಿಂದ ಮೇಲೇಳುವ ಶಲಾಕಾ ನಳಿಕೆ ಮೂರು. ನನ್ನ ಹದಿನಾಲ್ಕು ಫೋಟೊ ಮತ್ತೆ ತೆಗೆದು ನೋಡಿದೆ. ಒಂದರಲ್ಲಿ ಮಗುವಿನ ಬೆರಳು ಹೂವಿನ ಪಕ್ಕದಲ್ಲಿತ್ತು. ಹೂವು ಅವಳ ಮೂರು ಬೆರಳಿನ ಅಗಲಕ್ಕಿಂತ ದೊಡ್ಡದು. ಎರಡು ಸೆಂಟಿಮೀಟರ್ ಎಲ್ಲಿಂದ ಬಂತು? ಕಪ್ಪು ಚುಕ್ಕೆಯೂ ಕಾಣಲಿಲ್ಲ. ಅಷ್ಟು ಹೊತ್ತಿಗೆ ತಪ್ಪು ಹೆಸರು ಮಗುವಿನ ಪುಸ್ತಕದಲ್ಲಿ ಪೆನ್ನಿನಲ್ಲಿ ಕೂತುಬಿಟ್ಟಿತ್ತು. ಅದು ನನ್ನನ್ನು ಬಹಳ ಕಾಡಿತು. ಅಲ್ಲಿಂದಲೇ ಈ ಹುಡುಕಾಟ ನಿಜವಾಗಿ ಶುರುವಾದದ್ದು.

ನಾನು ಓದಿದ್ದು ಕಾಮರ್ಸ್. ಗಿಡದ ವಿದ್ಯೆ ಹತ್ತನೇ ಕ್ಲಾಸಿಗೇ ಮುಗಿದಿತ್ತು. ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಒಬ್ಬರಿದ್ದಾರೆ, ಎಂಬತ್ತರ ಹತ್ತಿರದ ವಯಸ್ಸು. ಸಂಜೆ ಫೋನ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಹದಿನಾಲ್ಕು ಫೋಟೊಗಳನ್ನೂ ನಿಧಾನಕ್ಕೆ ನೋಡಿದರು.

"ಎಲ್ಲವೂ ಮುಖದ ಫೋಟೊನೇ ಕಣಮ್ಮ. ಬೆನ್ನೆಲ್ಲಿ?"

ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಎಲೆ ಎದುರುಬದುರಾ, ಅಥವಾ ಒಂದಾದಮೇಲೆ ಒಂದಾ? ಎಲೆಗೆ ತೊಟ್ಟು ಇದೆಯಾ? ಎಳೆ ರೆಂಬೆ ಹಿಡಿದರೆ ದುಂಡಗೆ ಸಿಗುತ್ತಾ, ಕೋನ ಸಿಗುತ್ತಾ? ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆಯಾ? ಕೇಸರ ಬಿಡಿಬಿಡಿಯೋ, ಕಟ್ಟುಕಟ್ಟೋ? ಶಲಾಕಾ ನಳಿಕೆ ಎಷ್ಟು? ಒಂದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಹೂವಿನ ಮುಂದೆ ಅರ್ಧ ಗಂಟೆ ನಿಂತಿದ್ದೆ, ಆದರೆ ಅದನ್ನು ನೋಡಿರಲಿಲ್ಲ.

ಅವರು ಒಂದು ಮಾತು ಮಾತ್ರ ಆ ಆ್ಯಪ್‌ನ ಪರವಾಗಿ ಹೇಳಿದರು. "ಹೈಪರಿಕಂ ಅಂದಿದ್ದು ಸರಿ ಇರಬಹುದು. ಮನೆತನ ಹಿಡಿದಿದೆ, ಆಳನ್ನು ಹಿಡಿದಿಲ್ಲ." ಹೈಪರಿಕಂ ಕುಲದಲ್ಲಿ ಜಗತ್ತಿನಾದ್ಯಂತ ನಾನೂರಕ್ಕೂ ಹೆಚ್ಚು ಜಾತಿಗಳಿವೆಯಂತೆ, ಬಹುಪಾಲು ಎಲ್ಲದರ ಹೂವೂ ಹಳದಿ. ಅಲ್ಲಿ ಬಣ್ಣ ಏನನ್ನೂ ಹೇಳುವುದಿಲ್ಲ. ಬಣ್ಣವೇ ಎಲ್ಲ ಎಂದುಕೊಂಡು ನಾನು ಹುಡುಕಲು ಹೊರಟಿದ್ದೆ.

ಬರುವಾಗ ತಮ್ಮ ಹಳೆಯ ಹತ್ತು ಪಟ್ಟಿನ ಲೆನ್ಸ್ ಕೈಗಿಟ್ಟರು. "ಲೆನ್ಸ್ ಕಣ್ಣಿಗೆ ಅಂಟಿಸಿಕೋ, ಗಿಡವನ್ನು ಲೆನ್ಸ್ ಹತ್ತಿರ ತಾ. ಕೀಳಬೇಡ, ಅದು ರಿಸರ್ವ್ ಫಾರೆಸ್ಟ್. ಬಿದ್ದ ಹೂವು ಇದ್ದೇ ಇರುತ್ತೆ, ಅದನ್ನ ನೋಡು."

ಅಕ್ಟೋಬರ್ ನಡುವಿನಲ್ಲಿ, ಒಂದು ಬುಧವಾರ, ರಜೆ ಹಾಕಿ ಒಬ್ಬಳೇ ಹೋದೆ. ಅದೇ ಜೀಪಿನ ಅಣ್ಣ. ಕುರಿಂಜಿ ಬಾಡಿತ್ತು, ಜನ ಇರಲಿಲ್ಲ. ರಾತ್ರಿ ಮಳೆಯಾಗಿ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಬಂಡೆ ಹತ್ತಿರ ಇಳಿಯುವ ಮೊದಲು ನನಗೆ ಸಿಕ್ಕಿದ ಬೇರೆ ಹಳದಿ ಹೂಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಲ್ಲುಗಾವಲಿನಲ್ಲಿ ಮಳೆ ಹಿಂದಾಗುವ ಹೊತ್ತು ಹಳದಿಯ ಕಾಲ. ಸೇವಂತಿಗೆಯ ಹಾಗೆ ಕಾಣುವ ಚಿಕ್ಕಚಿಕ್ಕ ಸೆನೆಸಿಯೊ ಹೂಗಳು. ಅವುಗಳಲ್ಲಿ ನಾವು ಒಂದು ಹೂವು ಅನ್ನುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗುಂಪು. ಅವರೆ ಹೂವಿನ ಆಕಾರದ, ಕಾಯಿ ಒಣಗಿದರೆ ಗಿಲಿಗಿಲಿ ಅನ್ನುವ ಕ್ರೊಟಲೇರಿಯಾ. ಈ ಎರಡನ್ನೂ ಲೆನ್ಸ್ ಇಲ್ಲದೆಯೇ ದೂರವಿಡಬಹುದು, ಹೂವಿನ ಕಟ್ಟೇ ಬೇರೆ. ಒಂದು ಎಸಳೂ ಇನ್ನೊಂದರಂತೆಯೇ ಇರುವ, ಬಿಡಿಯಾದ ಐದೆಸಳಿನ ಹೂವು ನಮ್ಮದು. ಅರ್ಧ ಗುಡ್ಡ ಅಲ್ಲಿಗೇ ಪಟ್ಟಿಯಿಂದ ಹೊರಗೆ ಹೋಯಿತು.

ಆಮೇಲೆ ಪೊದೆಯ ಮುಂದೆ ಕೂತೆ. ಮೇಷ್ಟ್ರ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಎಡಗಡೆ ಬರೆದುಕೊಂಡಿದ್ದೆ, ಬಲಗಡೆ ಖಾಲಿ.

ಮೊದಲು ರೆಂಬೆ. ತುದಿಯ ಎಳೆ ರೆಂಬೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಉರುಳಿಸಿದೆ. ಉರುಳಲಿಲ್ಲ, ತಡೆತಡೆದು ತಿರುಗಿತು. ಕೋನಗಳು! ಎಣಿಸಿದೆ, ನಾಲ್ಕು. ಬುಡದ ಹಳೆಯ ಕಾಂಡ ಮಾತ್ರ ದುಂಡಗೆ, ಒರಟಾಗಿ ಮರವಾಗಿತ್ತು. ಎಲೆಗಳು ಎದುರುಬದುರು. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಮೇಲಿನಿಂದ ಬಗ್ಗಿ ನೋಡಿದರೆ ಪ್ರತಿ ರೆಂಬೆಯೂ ಒಂದು ಕೂಡುಗುರುತಿನ ಹಾಗೆ. ತೊಟ್ಟು ಇಲ್ಲವೇ ಇಲ್ಲ. ಎಲೆಯ ಬುಡ ನೇರವಾಗಿ ಕಾಂಡವನ್ನು ತಬ್ಬಿಕೊಂಡಿತ್ತು, ಮಗು ಅಮ್ಮನ ಕಾಲು ಹಿಡಿದ ಹಾಗೆ.

ಎಲೆಯನ್ನು ಬಿಸಿಲಿಗೆ ಹಿಡಿಯುವ ಪರೀಕ್ಷೆಗೆ ನಾನು ಮಲಗಬೇಕಾಯಿತು. ಕೀಳುವಂತಿಲ್ಲವಲ್ಲ. ಒದ್ದೆ ಹುಲ್ಲಿನ ಮೇಲೆ ಬೆನ್ನು ಕೊಟ್ಟು, ರೆಂಬೆಯ ಕೆಳಗೆ ತಲೆ ತೂರಿಸಿ, ಲೆನ್ಸ್ ಕಣ್ಣಿಗಿಟ್ಟು, ಒಂದು ಎಲೆಯನ್ನು ಸೂರ್ಯನ ಕಡೆ ಸ್ವಲ್ಪ ಓರೆ ಮಾಡಿದೆ. ಎಲೆಯ ತುಂಬ ಸೂಜಿಯಲ್ಲಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು. ತೂತಲ್ಲ, ಎಣ್ಣೆ ತುಂಬಿದ ಗ್ರಂಥಿಗಳು. ಬೆಳಕು ಅವುಗಳ ಮೂಲಕ ಹಾಯುತ್ತದೆ. ಆ ಯುರೋಪಿನ ಗಿಡಕ್ಕೆ ಪರ್ಫೊರೇಟಂ, ಅಂದರೆ ತೂತು ಬಿದ್ದದ್ದು, ಎಂಬ ಹೆಸರು ಬಂದದ್ದೂ ಇಂಥ ಚುಕ್ಕೆಗಳಿಂದಲೇ. ಎಷ್ಟು ಹೊತ್ತು ಹಾಗೇ ಮಲಗಿದ್ದೆನೋ. ಮೇಲಿನಿಂದ ಜೀಪಿನ ಅಣ್ಣ ಗಾಬರಿಯಾಗಿ "ಮೇಡಂ, ಬಿದ್ರಾ?" ಎಂದು ಕೂಗಿದರು. ಅವರನ್ನೂ ಕರೆದು ತೋರಿಸಿದೆ. ಒಂದು ಎಲೆ ನೋಡಿದವರು, ಇನ್ನೊಂದು, ಮತ್ತೊಂದು ಎಂದು ನೋಡುತ್ತಲೇ ಹೋದರು. "ಇಷ್ಟು ವರ್ಷ ಇದರ ಪಕ್ಕದಲ್ಲೇ ಗಾಡಿ ನಿಲ್ಸಿದೀನಿ" ಅಂದರು.

ಹೂವಿನ ಅಗಲ ಸ್ಕೇಲಿನಲ್ಲಿ ಐದೂವರೆ ಸೆಂಟಿಮೀಟರ್. ಎಸಳುಗಳು ನಾನು ಅಂದುಕೊಂಡಷ್ಟು ಸರಿಸಮ ಇರಲಿಲ್ಲ. ಪ್ರತಿ ಎಸಳೂ ಒಂದು ಪಕ್ಕಕ್ಕೆ ವಾಲಿದಂತೆ ಬೆಳೆದಿತ್ತು, ಐದೂ ಸೇರಿ ಜಾತ್ರೆಯ ಗಿರಗಿಟ್ಲೆಯ ಹಾಗೆ. ಮೊಗ್ಗಿನಲ್ಲಿ ಎಸಳುಗಳು ಒಂದರ ಮೇಲೊಂದು ಹೊರಳಿ ಸುತ್ತಿಕೊಂಡಿರುತ್ತವೆ, ಆ ಸುತ್ತು ಬಿಚ್ಚಿದಾಗ ಉಳಿಯುವ ವಾಲು ಅದು. ಬೆನ್ನ ಕಡೆ ಹಸಿರು ಪುಷ್ಪಪತ್ರ ಐದು. ಇದನ್ನು ಈ ಸಲ ಎರಡು ಕೋನದಿಂದ ಫೋಟೊ ತೆಗೆದೆ.

ಪೊದೆಯ ಬುಡದಲ್ಲಿ ಉದುರಿದ ಹೂವುಗಳಿದ್ದವು. ಒಂದನ್ನು ನೋಟ್‌ಬುಕ್ಕಿನ ಮೇಲಿಟ್ಟು ಪಿನ್ನಿನಿಂದ ಕೇಸರಗಳನ್ನು ಬಿಡಿಸಲು ನೋಡಿದೆ. ಒಂದೊಂದಾಗಿ ಬರಲಿಲ್ಲ. ಗೊಂಚಲಾಗಿ ಎದ್ದು ಬಂತು, ನಾಟಿಗೆ ಕಿತ್ತು ಕಟ್ಟಿಟ್ಟ ಸಸಿಯ ಕಟ್ಟಿನ ಹಾಗೆ, ಬುಡದಲ್ಲಿ ಕೂಡಿಕೊಂಡು. ಇನ್ನೊಂದು ಕಟ್ಟು, ಮತ್ತೊಂದು. ಒಟ್ಟು ಐದು. ದೂರದಿಂದ ನೂರಾರು ಕೂದಲು ಎಂದು ಕಂಡದ್ದರಲ್ಲಿ ಇಂಥ ಒಂದು ಲೆಕ್ಕ ಅಡಗಿತ್ತು.

ಕಷ್ಟವಾದದ್ದು ಶಲಾಕಾ ನಳಿಕೆ. ಅದೇ ಮುಖ್ಯ ಪ್ರಶ್ನೆ, ಮೂರೋ ಐದೋ. ಬಿದ್ದ ಹೂಗಳಲ್ಲಿ ಅದು ಸಿಗುವುದಿಲ್ಲ, ಕಾಯಿಯ ಜೊತೆ ಗಿಡದಲ್ಲೇ ಉಳಿದಿರುತ್ತದೆ. ಗಾಳಿಗೆ ಹೂವು ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಮೊದಲ ಸಲ ಎಣಿಸಿದಾಗ ನಾಲ್ಕು. ಇನ್ನೊಂದು ಹೂವು, ಮತ್ತೆ ನಾಲ್ಕು. ನಾಲ್ಕು ಎಂಬ ಉತ್ತರ ಪಟ್ಟಿಯಲ್ಲೇ ಇರಲಿಲ್ಲ, ನಿಜಕ್ಕೂ ಕಂಗಾಲಾದೆ. ಕೊಡೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿಯಲು ಅಣ್ಣನಿಗೆ ಹೇಳಿದೆ. ಕಪ್ಪು ಕೊಡೆಯ ಹಿನ್ನೆಲೆಯಲ್ಲಿ ಹಳದಿ ಎಳೆಗಳು ಬಿಡಿಬಿಡಿಯಾಗಿ ಕಂಡವು. ಒಂದು, ಎರಡು, ಮೂರು, ನಾಲ್ಕು. ಲೆನ್ಸನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ನಾಲ್ಕನೆಯದರ ಬೆನ್ನಿಗೆ ಅಂಟಿಕೊಂಡಂತೆ ಐದನೆಯದು. ಏಳು ಹೂವು ಎಣಿಸಿದೆ, ಏಳರಲ್ಲೂ ಐದು. ಕೈ ನಡುಗುತ್ತಿತ್ತು, ಚಳಿಗೋ ಏನೋ. ಐದು ಎಂದು ಬರೆದು ಅಡಿಗೆರೆ ಎಳೆದೆ.

ವಾಪಸು ಹತ್ತುವಾಗ ಬಂಡೆಯ ಬುಡದಲ್ಲಿ ನೀರು ಜಿನುಗುವ ಜಾಗ. ಪಾಚಿಯ ನಡುವೆ ಗೇಣುದ್ದವೂ ಇಲ್ಲದ ಒಂದು ಸಸಿ, ಉಗುರಿಗಿಂತ ಚಿಕ್ಕ ಹಳದಿ ಹೂವು. ಆ ದಿನದ ಅಭ್ಯಾಸಕ್ಕೆ ಬಗ್ಗಿ ನೋಡಿದೆ. ಎಲೆ ಎದುರುಬದುರು, ತೊಟ್ಟಿಲ್ಲ, ಕಾಂಡಕ್ಕೆ ನಾಲ್ಕು ಕೋನ, ಬಿಸಿಲಿಗೆ ಹಿಡಿದರೆ ಅದೇ ಚುಕ್ಕೆಗಳು. ಕೇಸರ ಮಾತ್ರ ಕೆಲವೇ, ನಳಿಕೆ ಮೂರು. ಮೇಷ್ಟ್ರು ಆಮೇಲೆ ಹೇಳಿದರು, ಅದು ಹೈಪರಿಕಂ ಜಪೋನಿಕಂ, ಅದೇ ಕುಲದ ಕಿರಿಯ ನಂಟ. ಯಾರೂ ಹೇಳಿಕೊಡದೆ ಒಂದು ಗಿಡ ಯಾವ ಮನೆಯದು ಎಂದು ನಾನು ಗುರುತಿಸಿದ್ದು ಜೀವನದಲ್ಲಿ ಅದೇ ಮೊದಲು.

ಆಮೇಲಿನ ಎರಡು ಸಂಜೆ ಮೇಷ್ಟ್ರ ಜಗಲಿಯಲ್ಲಿ ಕಳೆದವು. ಅವರ ಹತ್ತಿರ ಗ್ಯಾಂಬಲ್ ಅವರ ಹಳೆಯ ಮದರಾಸು ಪ್ರಾಂತ್ಯದ ಸಸ್ಯಗ್ರಂಥದ ಸವೆದ ಪ್ರತಿ ಇದೆ. 1915ರಲ್ಲಿ ಶುರುವಾಗಿ, ಗ್ಯಾಂಬಲ್ ತೀರಿಕೊಂಡ ಮೇಲೆ ಫಿಷರ್ ಮುಂದುವರಿಸಿ 1936ಕ್ಕೆ ಮುಗಿದ ಕೆಲಸ. ಅದರಲ್ಲಿ ಚಿತ್ರ ಇಲ್ಲ. ಇರುವುದು ಕವಲುದಾರಿ: ಪ್ರತಿ ಹೆಜ್ಜೆಗೂ ಎರಡೋ ಮೂರೋ ಆಯ್ಕೆ, ಒಂದನ್ನು ಹಿಡಿದರೆ ಇನ್ನೊಂದು ದಾರಿ ಮುಚ್ಚುತ್ತದೆ. ಪೊದೆಯೋ, ಪುಟ್ಟ ಸಸಿಯೋ. ನಳಿಕೆ ಐದೋ, ಮೂರೋ. ರೆಂಬೆಗೆ ಕೋನವೋ, ದುಂಡೋ. ಎಲೆಗೆ ತೊಟ್ಟು ಉಂಟೋ, ಇಲ್ಲವೋ. ಗಿರಿಧಾಮಗಳ ತೋಟಗಳಲ್ಲಿ ಬೆಳೆಸುವ ಹೈಪರಿಕಂಗಳಿಗೂ ದೊಡ್ಡ ಹಳದಿ ಹೂವು, ಐದು ಕಟ್ಟಿನ ಕೇಸರ ಇರುತ್ತವೆ. ಆದರೆ ಅವುಗಳಲ್ಲಿ ಎಷ್ಟೋ ಗಿಡಗಳ ಎಲೆಗೆ ಚಿಕ್ಕ ತೊಟ್ಟಿರುತ್ತದೆ. ತೋಟದಿಂದ ತಪ್ಪಿಸಿಕೊಂಡು ಬಂದ ಗಿಡ ಇದಲ್ಲ ಎಂದು ತೀರ್ಮಾನಿಸಲು ನನ್ನ ಬಲಗಡೆಯ ಸಾಲುಗಳು ಒಂದೊಂದೂ ಬೇಕಾದವು.

ಮೇಷ್ಟ್ರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಪುಸ್ತಕ ನನ್ನ ಕಡೆ ತಿರುಗಿಸಿದರು. "ನೀನೇ ಓದು."

ಹೈಪರಿಕಂ ಮೈಸೂರೆನ್ಸೆ.

ಮೈಸೂರಿನದು! ಲಂಡನ್ನೋ ಜಪಾನೋ ಅಲ್ಲ, ನಮ್ಮ ಮೈಸೂರು. ರಾಬರ್ಟ್ ವೈಟ್ ಮತ್ತು ಆರ್ನಾಟ್ ಎಂಬ ಸ್ಕಾಟ್ಲೆಂಡಿನ ಇಬ್ಬರು 1834ರಲ್ಲಿ ಈ ಹೆಸರನ್ನು ವಿವರಣೆ ಸಮೇತ ಪ್ರಕಟಿಸಿದರು. ವೈಟ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ದಕ್ಷಿಣ ಭಾರತದ ಗಿಡಗಳ ಬೆನ್ನು ಹತ್ತಿ ಬದುಕು ಸವೆಸಿದವರು. ಆ ಕಾಲಕ್ಕೆ ಮೈಸೂರು ಎಂದರೆ ಊರಲ್ಲ, ಇಡೀ ಸಂಸ್ಥಾನ. ಚಾಮುಂಡಿಬೆಟ್ಟದಲ್ಲಿ ಇದನ್ನು ಹುಡುಕಿ ನಿರಾಶರಾಗಬೇಡಿ. ಪುಸ್ತಕಗಳಲ್ಲಿ ಈ ಹೆಸರಿಗೆ ಮೈಸೊರೆನ್ಸೆ, ಮೈಸೂರೆನ್ಸೆ ಎಂದು ಎರಡು ಕಾಗುಣಿತ ಸಿಗುತ್ತವೆ. ಹುಡುಕುವವರು ಎರಡರಲ್ಲೂ ಹುಡುಕಬೇಕು. ಒಂದರಲ್ಲೇ ಹುಡುಕಿ ನಾನು ಅರ್ಧ ಮಾಹಿತಿ ಕಳೆದುಕೊಂಡಿದ್ದೆ.

ಹೆಸರು ಸಿಕ್ಕಿದ ಮೇಲೆ ಅದನ್ನು ಒಣಗಿಸಿಟ್ಟ ಮಾದರಿಯ ಜೊತೆ ಹೋಲಿಸಬೇಕು, ಅದು ಕೊನೆಯ ಹೆಜ್ಜೆ. ಫಾದರ್ ಸೆಸಿಲ್ ಸಾಲ್ಡಾನಾ ಎಂಬ ಜೆಸ್ವಿಟ್ ಪಾದ್ರಿ ಕರ್ನಾಟಕದ ಗಿಡಗಳನ್ನು ಊರೂರು ಅಲೆದು ಸಂಗ್ರಹಿಸಿದವರು. ನಿಕೋಲ್ಸನ್ ಅವರೊಂದಿಗೆ ಸೇರಿ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನು 1976ರಲ್ಲಿ ಹೊರತಂದರು. ಅವರ ಸಂಗ್ರಹ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿದೆ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹದಲ್ಲಿ, ಅಲ್ಲಿನವರು ಕರ್ನಾಟಕದ ಗಿಡಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲೇ ನೋಡುವ ಹಾಗೆ ಮಾಡಿದ್ದಾರೆ. ಒಣಗಿಸಿದ ಹಾಳೆಯಲ್ಲಿ ಹಳದಿ ಎಲ್ಲಿ? ಎಲ್ಲವೂ ಚಹಾಪುಡಿಯ ಬಣ್ಣ. ಆದರೆ ಎದುರುಬದುರು ಎಲೆ, ತೊಟ್ಟಿಲ್ಲದ ಬುಡ, ರೆಂಬೆ ತುದಿಯ ದೊಡ್ಡ ಹೂವು ಹಾಗೇ ಉಳಿದಿರುತ್ತವೆ. ಬಣ್ಣ ಹೋದರೂ ಗುರುತು ಹೋಗುವುದಿಲ್ಲ ಎನ್ನುವುದನ್ನು ಕಣ್ಣಾರೆ ಕಂಡೆ.

"ಅಪರೂಪದ್ದಾ ಮೇಷ್ಟ್ರೇ?" ಇದು ನಾನು ಮೊದಲ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ.

ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಡೆಬೊರಾ ರಾಬಿನೋವಿಟ್ಜ್ ಎಂಬ ವಿಜ್ಞಾನಿ 1981ರಲ್ಲಿ ಹೇಳಿದ್ದನ್ನು ವಿವರಿಸಿದರು. ಅಪರೂಪ ಎನ್ನುವುದನ್ನು ಮೂರು ಕಡೆಯಿಂದ ಅಳೆಯಬೇಕು. ಭೂಪಟದಲ್ಲಿ ಎಷ್ಟು ಅಗಲಕ್ಕೆ ಹರಡಿದೆ? ಎಂಥೆಂಥ ಜಾಗದಲ್ಲಿ ಬದುಕಬಲ್ಲದು? ಇದ್ದ ಕಡೆ ಎಷ್ಟು ಸಂಖ್ಯೆಯಲ್ಲಿದೆ? ನಮ್ಮ ಹೂವು ಇದ್ದ ಗುಡ್ಡದಲ್ಲಿ ಹತ್ತಾರು ಪೊದೆಗಳಾಗಿ ಕಾಣಿಸುತ್ತದೆ. ಆದರೆ ಇರುವುದು ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ, ಮತ್ತೆ ಸಮುದ್ರ ದಾಟಿ ಶ್ರೀಲಂಕಾದಲ್ಲಿ. ಆ ಬೆಟ್ಟಗಳಲ್ಲೂ ಮೇಲಿನ ಹುಲ್ಲು ಮತ್ತು ಗುಡ್ಡದ ಮಡಿಲುಗಳಲ್ಲಿ ಗುಂಪಾಗಿ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ. ಕೆಳಗೆ ಕಾಫಿ ತೋಟ, ಗದ್ದೆ, ಬಯಲು ಎಲ್ಲೂ ಇಲ್ಲ. ಕಡಲಿನಲ್ಲಿ ದ್ವೀಪಗಳಿದ್ದ ಹಾಗೆ ಮೋಡದ ಮೇಲೆ ತಲೆಯೆತ್ತಿದ ಗುಡ್ಡದ ನೆತ್ತಿಗಳು, ಆ ನೆತ್ತಿಗಳೇ ಇದರ ಊರು. "ಮೇಲೇ ಇರೋದು" ಎಂದು ಜೀಪಿನ ಅಣ್ಣ ಮೊದಲ ದಿನವೇ ಹೇಳಿದ್ದರಲ್ಲ! ನಾನು ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಲಿಲ್ಲ. ಈಗ ಬರೆದೆ.

ಇನ್ನೊಂದು ವಿಷಯವನ್ನು ಮೇಷ್ಟ್ರು ಒತ್ತಿ ಹೇಳಿದರು. ಗುಡ್ಡದ ಮೇಲೆ ಹಳದಿ ಕಂಡ ತಕ್ಷಣ ನಮ್ಮದೇ ಹೂವು ಎಂದು ಹಿಗ್ಗಬಾರದು. ನೀಲಗಿರಿಯ ಹುಲ್ಲುಗಾವಲಿನಲ್ಲಿ ಹಳದಿ ಹೊದಿಸಿದ ಹಾಗೆ ಅರಳುವ ಗಾರ್ಸ್ ಮತ್ತು ಸ್ಕಾಚ್ ಬ್ರೂಮ್ ಪೊದೆಗಳು ಯುರೋಪಿನಿಂದ ಬಂದವು. ನೋಡಲು ಬಲು ಚೆಂದ, ಆದರೆ ಅವು ಹಬ್ಬಿದ ಕಡೆ ಹುಲ್ಲು ಉಳಿಯುವುದಿಲ್ಲ. ಬ್ರಿಟಿಷರ ಕಣ್ಣಿಗೆ ಮರವಿಲ್ಲದ ಗುಡ್ಡ ಪಾಳುಭೂಮಿಯಂತೆ ಕಂಡಿತು, ನೀಲಗಿರಿ ಮರ, ಅಕೇಶಿಯಾ, ಪೈನ್ ನೆಟ್ಟರು, ಸ್ವಾತಂತ್ರ್ಯದ ನಂತರವೂ ನೆಡುತ್ತ ಹೋದೆವು. ಹುಲ್ಲು ಹೋದರೆ ಅದರ ನಡುವಿನ ಹೂವು ಎಲ್ಲಿಗೆ ಹೋಗಬೇಕು? ಇದನ್ನು ಹೇಳುವಾಗ ಅವರ ದನಿ ಏರಿತ್ತು. ನನಗೂ ಹುಲ್ಲುಗಾವಲು ಎಂದರೆ ಕಾಡು ಇಲ್ಲದ ಜಾಗ ಎಂದೇ ಅನಿಸುತ್ತಿತ್ತು, ಆ ಬುಧವಾರದ ತನಕ.

ಅಕ್ಕನ ಮನೆಗೆ ಹೋದಾಗ ಮಗುವಿನ ನೋಟ್‌ಬುಕ್ ತೆಗೆಸಿದೆ. ನಾನು ಹೇಳಿದ ಹೆಸರು ತಪ್ಪು ಎಂದೆ. ಅವಳು ರಬ್ಬರ್ ಹುಡುಕಲು ಎದ್ದಳು. ಬೇಡ, ಗೀಟು ಹಾಕಿ ಪಕ್ಕದಲ್ಲಿ ಬರೆ, ದಿನಾಂಕವನ್ನೂ ಹಾಕು ಎಂದೆ. ಹರ್ಬೇರಿಯಂ ಹಾಳೆಗಳಲ್ಲೂ ಹಾಗೇ ಮಾಡುತ್ತಾರೆ. ಹಳೆಯ ಚೀಟಿ ಕೀಳುವುದಿಲ್ಲ, ತಿದ್ದಿದವರು ಪಕ್ಕದಲ್ಲಿ ಹೊಸ ಚೀಟಿ ಅಂಟಿಸುತ್ತಾರೆ, ಯಾರು, ಯಾವಾಗ ಎಂದು ಬರೆದು. ಅವಳು "ಹೈಪರಿಕಂ ಮೈಸೂರೆನ್ಸೆ" ಎಂದು ಬರೆದು, ಹೂವಿನ ನಡುವೆ ಐದು ಗೀಟು ಸೇರಿಸಿದಳು.

ಜನವರಿಯಲ್ಲಿ ಮೂರನೆಯ ಸಲ ಹೋದೆ, ಕಾಯಿ ನೋಡಲೆಂದು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು, ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುತ್ತಿದ್ದರು. ಪೊದೆಯಲ್ಲಿ ಒಂದೆರಡು ಹೂವು ಇನ್ನೂ ಇದ್ದವು, ಜೇನುನೊಣಗಳು ಅದಕ್ಕೇ ಜೋತುಬಿದ್ದಿದ್ದವು, ಕಾಲಿನ ತುಂಬ ಹಳದಿ ಪರಾಗ. ಒಣಗಿದ ಕಾಯಿಗಳು ತುದಿಯಿಂದ ಐದು ಹೋಳಾಗಿ ಬಿರಿದಿದ್ದವು. ರೆಂಬೆಗೆ ಬೆರಳಲ್ಲಿ ತಟ್ಟಿದರೆ ನಶ್ಯದ ಪುಡಿಯಂಥ ಬೀಜ ಉದುರಿತು. ಮತ್ತೆ ಐದು. ಬಲಗಡೆಯ ಕೊನೆಯ ಖಾಲಿ ಸಾಲನ್ನೂ ತುಂಬಿಸಿದೆ.

ಮಾರ್ಚಿನಲ್ಲಿ ಅಮ್ಮನ ಮನೆಗೆ ಹೋಗಿದ್ದೆ. ಸುರಗಿ ಅರಳಿತ್ತು. ಅಮ್ಮ ಜಗಲಿಯಲ್ಲಿ ದಂಡೆ ಕಟ್ಟುತ್ತಿದ್ದರು, ನಾನು ಮೊಗ್ಗು ಆರಿಸಿಕೊಡುತ್ತಿದ್ದೆ. ಮೇಷ್ಟ್ರು ಹೇಳಿದ ಒಂದು ವಿಷಯ ಆಗ ನೆನಪಾಯಿತು. ಈಗ ಹೈಪರಿಕಂಗೆ ಅದರದ್ದೇ ಒಂದು ಕುಟುಂಬವಿದೆ. ಆದರೆ ಕೆಲವು ಹಳೆಯ ವರ್ಗೀಕರಣಗಳಲ್ಲಿ ಉಪ್ಪಾಗೆ, ಮುರುಗಲು, ಸುರಗಿ ಎಲ್ಲವೂ ಅದರ ಜೊತೆ ಒಂದೇ ಕುಟುಂಬದಲ್ಲಿದ್ದವು. ಈಗ ಮನೆ ಬೇರೆಯಾದರೂ ನೆಂಟಸ್ತನ ಹತ್ತಿರದ್ದೇ. ಬಂಡೆಯ ಮರೆಯಲ್ಲಿ ಕೇಸರದ ಗೊಂಚಲು ಕಂಡು ಸುರಗಿ ನೆನಪಾಗಿ, ಸಲ್ಲದ ಹೋಲಿಕೆ ಎಂದು ತಳ್ಳಿಹಾಕಿದ್ದೆನಲ್ಲ, ಕಣ್ಣು ಹೇಳಿದ್ದು ಸುಳ್ಳಾಗಿರಲಿಲ್ಲ.

ಅಮ್ಮನಿಗೆ ಇಡೀ ಕಥೆ ಹೇಳಿದೆ. ನಾಲ್ಕು ಕೋನದ ರೆಂಬೆ, ಬೆಳಕಿನ ಚುಕ್ಕೆ, ಐದು ಕಟ್ಟು, ಐದು ನಳಿಕೆ, 1834, ಎಲ್ಲ. ಫೋನಿನಲ್ಲಿ ಫೋಟೊ ತೋರಿಸಿದೆ. ಅಮ್ಮ ಕೈಯಲ್ಲಿದ್ದ ಬಾಳೆನಾರು ಬಿಡದೆ ಬಗ್ಗಿ ನೋಡಿದರು.

"ಚೆಂದ ಇದ್ದು. ವಾಸನೆ ಹ್ಯಾಂಗಿತ್ತೇ?"

ನೋಟ್‌ಬುಕ್ ತೆರೆದೆ. ಮೂರು ಸಲದ ಬರಹ, ಆರು ಪುಟ. ವಾಸನೆ ಎಂಬ ಸಾಲನ್ನೇ ನಾನು ಹಾಕಿರಲಿಲ್ಲ. ಅಮ್ಮನ ಮುಂದೆಯೇ ಎಡಗಡೆ ಅದನ್ನು ಬರೆದುಕೊಂಡೆ. ಸೆಪ್ಟೆಂಬರಿಗೆ ಜೀಪಿನ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.